ಅಂಗೈ ಸಾಹೇಬರು ವ್ಯಾನು ನಡೆಸಿದ್ದು

ದೇವರು ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟು ಕಳುಹಿಸುತ್ತಾನೆ. ಒಬ್ಬರಿಗೆ ಕಂಠ, ಒಬ್ಬರಿಗೆ ಕೈಬರಹ, ಇನ್ನೊಬ್ಬರಿಗೆ ಯಾರ ಮನೆಗೆ ಹೋದರೂ ಊಟದ ಹೊತ್ತಿಗೇ ಹೋಗಿ ಮುಟ್ಟುವ ಯೋಗ. ಈ ಮಹನೀಯರಿಗೆ ಅವನು ಕೊಟ್ಟದ್ದು ಒಂದು ಅಂಗೈ. ಮೊರದಗಲದ ಅಂಗೈ. ಅದನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳುಗಳನ್ನು ಕೂಡಿಸಿ ಒಮ್ಮೆ ಮುಂದಕ್ಕೆ ಹಿಡಿದರೆಂದರೆ, ಇಳಿಜಾರಿನಲ್ಲಿ ಬುಸುಗುಟ್ಟುತ್ತ ಬರುತ್ತಿದ್ದ ಲಾರಿಯೂ ಸಾಧುಪ್ರಾಣಿಯಂತೆ ಎದುರಿಗೆ ಬಂದು ನಿಲ್ಲುತ್ತಿತ್ತು. ಸಂಚಾರ ಪೊಲೀಸರಲ್ಲಿ ಪೇದೆಯಾಗಿ ಸೇರಿದಂದಿನಿಂದ ದಫೇದಾರರಾಗಿ ನಿವೃತ್ತರಾಗುವವರೆಗೆ, ಆಯುಷ್ಯದ ಬಹುಭಾಗವನ್ನು ಅವರು ಆ ಅಂಗೈಯ ಬಲದಿಂದಲೇ ಕಳೆದರು. ಊರಿನ ಚಾಲಕರು ಅವರನ್ನು ಅಂಗೈ ಸಾಹೇಬರೆಂದು ಕರೆಯುತ್ತಿದ್ದರು; ಎದುರಿಗೆ ಸಾಹೇಬರೆಂದು, ಬೆನ್ನ ಹಿಂದೆ ಬರಿಯ ಅಂಗೈ ಎಂದು.

ವಾಹನವನ್ನು ತಡೆಯುವುದರಲ್ಲಿ ಅವರದೇ ಒಂದು ಪದ್ಧತಿಯಿತ್ತು. ಉಳಿದವರು ನಿಂತಲ್ಲಿಂದಲೇ ಬೆರಳು ಆಡಿಸಿ ಚಾಲಕನನ್ನು ತಮ್ಮ ಬಳಿಗೆ ಕರೆಸಿಕೊಳ್ಳುವರು. ಇವರು ತಾವೇ ಕಿಟಕಿಯವರೆಗೆ ನಡೆದು ಹೋಗುವರು. ಉಳಿದವರು ಮೊದಲು ಕೈಯಿಟ್ಟು ಕೀಲಿಯನ್ನು ಕಿತ್ತುಕೊಳ್ಳುವರು. ಇವರು ಒಂದು ದಿನವೂ ಇನ್ನೊಬ್ಬನ ವಾಹನದ ಕೀಲಿಯನ್ನು ಮುಟ್ಟಿದವರಲ್ಲ. ಕಿಟಕಿಯ ಬಳಿ ಬಾಗಿ, "ನಮಸ್ಕಾರ. ಇಳೀಬೇಡಿ, ಕೂತಿರಿ. ಎಲ್ಲಿಗೆ ಹೊರಟಿದ್ದು?" ಎಂದು ಕೇಳುವರು. ಅದಾದ ಮೇಲೆ ನಿಧಾನವಾಗಿ, ಒಂದೊಂದಾಗಿ, ಯಾವುದನ್ನೂ ಬಿಡದೆ ನೋಡುವರು. ಈ ಸೌಜನ್ಯದಿಂದ ತಾವು ಚಾಲಕಲೋಕದ ಪ್ರೀತಿಯನ್ನು ಗಳಿಸಿದ್ದೇವೆಂದು ಅವರಿಗೆ ಮನಸ್ಸಿನಲ್ಲೇ ಒಂದು ತೃಪ್ತಿಯಿತ್ತು.

ಅವರ ಸೇವಾವಧಿಗೆಲ್ಲ ಒಂದೇ ಒಂದು ಮುಳ್ಳು ಎಂದರೆ ದೀಪ ಮಿಣುಕಿಸುವ ಚಟ. ಊರ ಹೊರಗಿನ ದೊಡ್ಡ ತಿರುವಿನಲ್ಲಿ, ಹಳೆಯ ಮರವೊಂದರ ಮರೆಯಲ್ಲಿ ಅವರು ನಿಲ್ಲುತ್ತಿದ್ದರು. ತಿರುವು ದಾಟಿ ಹೋದ ಚಾಲಕ, ಎದುರಿನಿಂದ ಬರುವವನಿಗೆ ಮುಂದಿನ ದೀಪಗಳನ್ನು ಎರಡು ಬಾರಿ ಮಿಣುಕಿಸಿ, ಅಲ್ಲಿ ಪೊಲೀಸರಿದ್ದಾರೆಂದು ತಿಳಿಸಿಬಿಡುತ್ತಿದ್ದ. ಅಷ್ಟಾದರೆ ಸಾಕು, ಗಾಳಿಯಂತೆ ಬರುತ್ತಿದ್ದ ವಾಹನಗಳೆಲ್ಲ ಮದುವಣಗಿತ್ತಿಯ ನಡಿಗೆಯಲ್ಲಿ ಬಂದು, ಬೆಲ್ಟು ಬಿಗಿದುಕೊಂಡ ಮುಖಗಳನ್ನು ತೋರಿಸಿ ಹೋಗುತ್ತಿದ್ದವು. ಸಾಹೇಬರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಇಡೀ ದಿನ ನಿಂತರೂ ಒಬ್ಬನೂ ಸಿಗಲಿಲ್ಲ ಕಣೇ. ಎಲ್ಲಾ ಒಳಗೊಳಗೇ ಒಂದು," ಎಂದು ಮನೆಗೆ ಬಂದು ಗೊಣಗುವರು.

ಅವರ ಮಡದಿ ಬಟ್ಟೆ ಮಡಚುತ್ತ, "ಅಲ್ಲಾರೀ, ಗಾಡಿಗಳು ನಿಧಾನವಾಗಿ ಬರ್ಲಿ ಅಂತ ತಾನೇ ನಿಮ್ಮನ್ನ ಅಲ್ಲಿ ನಿಲ್ಲಿಸಿರೋದು? ಬಂದ್ವಲ್ಲ! ಇನ್ನೇನು, ಆರತಿ ಎತ್ತಬೇಕಿತ್ತಾ?" ಎನ್ನುವರು.

"ನಿನಗೆ ಇಲಾಖೆ ವಿಷಯ ಗೊತ್ತಾಗಲ್ಲ, ಬಿಡು."

"ಗೊತ್ತಾಗೋದು ಬೇಡ. ಆ ಪ್ಯಾಂಟು ಬಿಚ್ಚಿ ಕೊಡಿ, ಧೂಳು ಕೊಡವ್ತೀನಿ."

ಹೀಗೆ ಸೇವೆ ಮುಗಿಯಿತು. ನಿವೃತ್ತಿಯ ಮೊದಲ ಕೆಲವು ತಿಂಗಳು ಸಾಹೇಬರು ಮನೆಯಲ್ಲಿ ಕುಳಿತು ಬೀದಿಯನ್ನು ನೋಡಿದರು. ಹಾಲಿನವನ ಸೈಕಲ್ಲಿಗೂ ತರಕಾರಿಯ ಗಾಡಿಗೂ ದಾರಿ ಯಾರದೆಂದು ಕಿಟಕಿಯಿಂದಲೇ ತೀರ್ಪು ಕೊಟ್ಟರು. ಮಡದಿಯ ತಾಳ್ಮೆ ತಳ ಕಾಣುವ ಹೊತ್ತಿಗೆ, ಎರಡು ಬೀದಿಯಾಚೆ ಇದ್ದ ಅಳಿಯ ವ್ಯಾನಿನ ಮೇಲೆ ಹತ್ತಿ ಸಾಮಾನು ಕಟ್ಟುವಾಗ ಹಗ್ಗ ಜಾರಿ ಕೆಳಗೆ ಬಿದ್ದ. ಕಾಲಿನ ಮೂಳೆ ಮುರಿಯಿತು. ತೊಡೆಯವರೆಗೆ ಪ್ಲಾಸ್ಟರು ಹಾಕಿಸಿಕೊಂಡು ಮಂಚದ ಮೇಲೆ ಮಲಗಿದ ಅವನಿಗೆ ಕಾಲಿನ ನೋವಿಗಿಂತ ಹೆಚ್ಚಾಗಿ ಕಾಡಿದ್ದು ಸ್ಟ್ಯಾಂಡಿನ ಚಿಂತೆ.

ವ್ಯಾನ್ ಸ್ಟ್ಯಾಂಡಿನ ಕಟ್ಟಳೆ ಕಟುವಾದದ್ದು. ಅಲ್ಲಿ ಸಾಲಿನಲ್ಲೊಂದು ಜಾಗವಿದ್ದರೆ ಮಾತ್ರ ಹೊಲಿಗೆ ಕಾರ್ಖಾನೆಯ ಹೆಂಗಸರನ್ನು ಕರೆದೊಯ್ಯುವ ಕಾಯಂ ಬಾಡಿಗೆ. ವ್ಯಾನು ಬಾರದೆ ಹೋದರೆ, ಅಥವಾ ಸ್ಟ್ಯಾಂಡಿನವರು ಒಪ್ಪದ ಚಾಲಕ ಅದನ್ನು ನಡೆಸಿದರೆ, ಜಾಗ ಹೊರಗೆ ಕಾಯುತ್ತಿರುವ ಮತ್ತೊಬ್ಬನಿಗೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

"ಮಾವ, ನೀವು ಇಲಾಖೆ ಜೀಪು ಓಡಿಸ್ತಿದ್ರಲ್ಲ, ಲೈಸೆನ್ಸೂ ಇದೆ," ಎಂದು ಅಳಿಯ ಸಂಕೋಚದಿಂದ ಆರಂಭಿಸಿದ. "ನನ್ನ ಕಾಲು ನೆಲಕ್ಕೆ ಊರೋವರೆಗೂ... ಆದ್ರೆ ಸ್ಟ್ಯಾಂಡಿನವರು ನಿಮ್ಮನ್ನ ಒಪ್ಪಬೇಕಲ್ಲ."

"ನನ್ನನ್ನ ಒಪ್ಪದೆ ಏನು? ಎಲ್ಲರೂ ಪರಿಚಯದವರೇ."

"ಅದೇ ಅಪ್ಪ ಭಯ," ಎಂದಳು ಮಗಳು, ಗಂಡನ ಬೆನ್ನಿಗೆ ದಿಂಬನ್ನು ಒತ್ತುತ್ತ.

ಮರುದಿನ ಬೆಳಗ್ಗೆ ವ್ಯಾನನ್ನು ತೊಳೆದು, ಅದರ ಮುಂದೆ ನಿಂತು ಕೈಮುಗಿದು, ಸಾಹೇಬರು ಸ್ಟ್ಯಾಂಡಿಗೆ ಬಂದರು. ಚಹಾದ ಗೂಡಂಗಡಿಯ ಮುಂದೆ ಚಾಲಕರೆಲ್ಲ ನಿಂತಿದ್ದರು. ಇವರು ಇಳಿದೊಡನೆ ನಗು ನಿಂತಿತು. ಒಬ್ಬ ಅಭ್ಯಾಸಬಲದಿಂದ ಅಂಗಿಯ ಮೇಲುಗುಂಡಿ ಹಾಕಿಕೊಂಡ. ಇನ್ನೊಬ್ಬ ತನ್ನ ವ್ಯಾನಿನೊಳಗೆ ಕೈಚಾಚಿ, ನಿಂತ ವಾಹನದಲ್ಲೇ ಬೆಲ್ಟು ಎಳೆದುಕೊಂಡ.

ಸ್ಟ್ಯಾಂಡಿನ ಹಿರಿಯನನ್ನು ಹಾರ್ನ್ ದೊಡ್ಡಪ್ಪ ಎನ್ನುತ್ತಿದ್ದರು. ಅವನಿಗೆ ಮೆಲ್ಲಗೆ ಮಾತನಾಡುವುದು ತಿಳಿಯದು. ಗುಟ್ಟನ್ನೂ ಬೀದಿಯ ಆ ತುದಿಗೆ ಕೇಳುವಂತೆ ಹೇಳುವ ಪುಣ್ಯಾತ್ಮ.

"ಬನ್ನಿ ಸಾಹೇಬ್ರೇ! ಯಾರನ್ನ ಹಿಡಿಯೋಕೆ ಬಂದ್ರಿ?"

"ಯಾರನ್ನೂ ಹಿಡಿಯೋಕಲ್ಲ ದೊಡ್ಡಪ್ಪ. ಅಳಿಯನ ಬದಲಿಗೆ ಬಂದಿದೀನಿ. ಎಲ್ಲರೂ ನನ್ನ ಬಲ್ಲಿರಲ್ಲ."

"ಬಲ್ಲೆವಲ್ಲ!" ಎಂದ ಗುಂಪಿನ ಹಿಂದಿನಿಂದ ಒಬ್ಬ ಚಾಲಕ. ಅವನ ಮೀಸೆ ಮುಖಕ್ಕಿಂತ ಅಗಲವಾಗಿದ್ದುದರಿಂದ ಅವನ ಹೆಸರೇ ಮೀಸೆ ಎಂದಾಗಿತ್ತು. "ನನ್ನ ಮದುವೆ ದಿನ ವ್ಯಾನಲ್ಲಿ ಜನ ಜಾಸ್ತಿ ಇದ್ದಾರೆ ಅಂತ ಅರ್ಧ ದಾರೀಲಿ ಇಳಿಸಿದ್ರಲ್ಲ ಸಾಹೇಬ್ರೇ. ಅತ್ತೆ ಮಾವ ಗಾಡೀಲಿ ಹೋದ್ರು. ಮದುಮಗ ನಾನು, ಬೂಟು ಕೈಲಿ ಹಿಡ್ಕೊಂಡು ನಡ್ಕೊಂಡು ಹೋದೆ. ಇವತ್ತಿಗೂ ನನ್ನ ಹೆಂಡತಿ ಮನೇಲಿ ನಂಗೆ 'ಪಾದಯಾತ್ರೆ ಅಳಿಯಂದ್ರು' ಅಂತಾರೆ."

ಎಲ್ಲರೂ ಗೊಳ್ಳೆಂದು ನಕ್ಕರು. ಸಾಹೇಬರು ಪೆಚ್ಚಾದರು. "ನಾನು ನಮಸ್ಕಾರ ಹೇಳಿ, ಮರ್ಯಾದೆಯಿಂದಲೇ..."

"ಅದೇ ಸಾಹೇಬ್ರೇ ಆಗದೆ ಇರೋದು! ಬಯ್ಯೋ ಪೊಲೀಸ್ನೋರು ಬಯ್ದು ಬಿಟ್ಬಿಡ್ತಾರೆ. ನೀವು ನಮಸ್ಕಾರ ಅಂದ್ರೆ ಮುಗೀತು, ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ನಿಮ್ಮ ನಮಸ್ಕಾರ ಕೇಳಿದ್ರೆ ನನ್ನ ಕೈ ಈಗ್ಲೂ ತಾನಾಗೇ ಕಾಗದ ಹುಡುಕತ್ತೆ."

ತಮ್ಮ ಸೌಜನ್ಯಕ್ಕೆ ಇಂಥದೊಂದು ಕೀರ್ತಿಯಿರುವುದು ಸಾಹೇಬರಿಗೆ ಅಂದೇ ತಿಳಿದದ್ದು.

ಹಾರ್ನ್ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡ. "ನೋಡಿ, ನಿಮ್ಮಳಿಯ ಒಳ್ಳೇ ಹುಡುಗ. ಅವನ ಮುಖ ನೋಡಿ ಒಂದು ಮಾತು ಕೇಳ್ತೀನಿ. ಟರ್ನಿಂಗಲ್ಲಿ ಪೊಲೀಸ್ನೋರು ನಿಂತಿದಾರೆ ಅನ್ನಿ. ಎದುರಿಗೆ ನಮ್ಮ ಗಾಡಿ ಬರ್ತಿದೆ. ಲೈಟು ಹೊಡೀತೀರೋ ಇಲ್ವೋ?"

ಎಲ್ಲರ ಕಣ್ಣೂ ಅವರ ಮೇಲೆ ನೆಟ್ಟವು. ಹೊಡೆಯುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಬಾಯಿ ತುದಿಗೆ ಬಂದ ಸುಳ್ಳನ್ನು ಹೊರಗೆ ಬಿಡುವುದು ಅವರ ಜಾಯಮಾನದಲ್ಲಿರಲಿಲ್ಲ.

"ಇಲ್ಲ ದೊಡ್ಡಪ್ಪ. ನಾನು ಆ ಮರದ ಕೆಳಗೆ ನಿಂತವನು. ನಂಗೆ ಕೈ ಬರಲ್ಲ."

"ನೋಡಿದ್ರಾ!" ಎಂದ ಮೀಸೆ. "ಇವ್ರು ಯೂನಿಫಾರ್ಮ್ ಕಳಚಿ ಬಂದಿದಾರೆ ಅಷ್ಟೆ. ಒಳಗೆ ಇನ್ನೂ ಅದೇ ಇದೆ."

ಹಾರ್ನ್ ದೊಡ್ಡಪ್ಪ ಬಹಳ ಹೊತ್ತು ಯೋಚಿಸಿ, ವಾರದ ಕೊನೆಗೆ ಎಲ್ಲರೂ ಸೇರಿ ತೀರ್ಮಾನ ಮಾಡೋಣವೆಂದೂ, ಅಲ್ಲಿಯವರೆಗೆ ಸಾಲಿನ ಬಾಲದಲ್ಲಿ ನಿಲ್ಲಬಹುದೆಂದೂ ಹೇಳಿದ. ಆ ದಿನದಿಂದ ಸಾಹೇಬರ ವ್ಯಾನು ಸಾಲಿನ ಕೊನೆಯಲ್ಲಿ, ಸಾಹೇಬರು ಚಹಾದ ಗುಂಪಿನ ಹೊರಗೆ. ಮನೆಗೆ ಹೋದರೆ ಅಳಿಯ ಬಾಗಿಲಿನ ಕಡೆ ನೋಡುತ್ತ, "ಏನಂದ್ರು ಮಾವ?" ಎಂದು ಕೇಳುವನು. ಏನೂ ಅನ್ನಲಿಲ್ಲವೆಂಬ ಸತ್ಯವನ್ನು ಸಾಹೇಬರು ಆದಷ್ಟು ಲವಲವಿಕೆಯಿಂದ ಹೇಳುವರು. ಅಳಿಯ ಗೋಡೆಯ ಕಡೆಗೆ ಮುಖ ತಿರುಗಿಸುವನು.

ಆದರೆ ಆ ವಾರದಲ್ಲಿ ಅವರಿಗೆ ಒಂದು ಹೊಸ ಲೋಕವೇ ಕಂಡಿತು. ರಸ್ತೆಯ ಬದಿಯಲ್ಲಿ ನಿಂತು ನೋಡುವಾಗ ವಾಹನವೆಂಬುದು ಬೇರೆ. ಒಳಗೆ ಕುಳಿತು ನೋಡುವಾಗ ರಸ್ತೆಯೆಂಬುದು ಬೇರೆ. ಕಾಗದಪತ್ರಗಳೆಲ್ಲ ಸರಿಯಾಗಿದ್ದು, ಬೆಲ್ಟು ಬಿಗಿದಿದ್ದು, ವೇಗ ಮಿತದಲ್ಲಿದ್ದರೂ, ದೂರದಲ್ಲಿ ಸಮವಸ್ತ್ರದ ಟೋಪಿಯೊಂದು ಕಂಡೊಡನೆ ಎದೆ ಢವಢವಿಸುವುದನ್ನು ಅವರು ಮೊದಲ ಬಾರಿಗೆ ಅನುಭವಿಸಿದರು. ಜೀವಮಾನವೆಲ್ಲ ತೊಟ್ಟ ಟೋಪಿಗೇ ತಾವು ಹೆದರುವುದೇ! ಅವರಿಗೆ ನಗು ಬಂತು. ವ್ಯಾನಿನಲ್ಲಿದ್ದ ಹೆಂಗಸರಿಗೂ ಅದು ತಿಳಿಯದೆ ಹೋಗಲಿಲ್ಲ. ಅವರಲ್ಲಿ ಹಿರಿಯಳು ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗೆ ಕಾಜ ಹೊಲಿಯುವವಳು; ಎಲ್ಲರೂ ಆಕೆಯನ್ನು ಕಾಜದಕ್ಕ ಎನ್ನುತ್ತಿದ್ದರು.

"ಯಾಕಣ್ಣ, ಪೊಲೀಸ್ನೋರ್ನ ಕಂಡ್ರೆ ಕತ್ತು ಹೀಗೆ ನೆಟ್ಟಗಾಗತ್ತೆ?"

"ಅಭ್ಯಾಸ ತಾಯಿ."

"ಹೆದ್ರಿಕೊಳ್ಳೋದಾ, ಹೆದರಿಸೋದಾ?"

ಹಿಂದಿನ ಸೀಟುಗಳೆಲ್ಲ ಕಿಲಕಿಲ ನಕ್ಕವು. ಸಾಹೇಬರೂ ನಕ್ಕರು.

ಸ್ಟ್ಯಾಂಡಿನಲ್ಲಿ ಯಾರೂ ಮಾತನಾಡಿಸದಿದ್ದರೂ ಹಾರ್ನ್ ದೊಡ್ಡಪ್ಪನ ದಯೆಯಿಂದ ಎಲ್ಲ ಸುದ್ದಿಯೂ ಸಾಲಿನ ಬಾಲಕ್ಕೆ ತಲುಪುತ್ತಿತ್ತು. ತಿರುವಿನ ಮರದಡಿಗೆ ಹೊಸದಾಗಿ ಒಬ್ಬ ಪೊಲೀಸಮ್ಮ ಬಂದಿರುವಳೆಂದೂ, ವಯಸ್ಸು ಚಿಕ್ಕದು, ಕೋಪ ಮೂಗಿನ ತುದಿಯಲ್ಲಿಯೆಂದೂ, ಬಂದ ಮೊದಲ ದಿನವೇ ಆಕೆ ಸಂಖ್ಯಾಫಲಕ ನೋಡಲು ವ್ಯಾನಿನ ಹಿಂದೆ ಹೋಗಿ ಬಾಗಿದಾಗ ಮೀಸೆ ಗೇರು ಹಾಕಿ ಪರಾರಿಯಾದನೆಂದೂ ತಿಳಿದುಬಂತು. ಅಂದಿನಿಂದ ಆಕೆ ಯಾರನ್ನು ನಿಲ್ಲಿಸಿದರೂ ಮೊದಲು ಕೀಲಿ ಕಿತ್ತುಕೊಳ್ಳುತ್ತಾಳಂತೆ. ಚಾಲಕರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಾಹೇಬರಿಗೆ ಮಾತ್ರ, ಸುಡುವ ಡಾಂಬರಿನ ಮೇಲೆ ಧೂಳು ನುಂಗುತ್ತ ಒಬ್ಬಳೇ ನಿಂತ ಆ ಮಗುವಿನ ಮುಖವೇ ಕಣ್ಣಿಗೆ ಕಟ್ಟಿತು.

ತೀರ್ಮಾನದ ದಿನ ಬಂತು. ಸಂಜೆ ಸಭೆ, ಬೆಳಗ್ಗೆ ಎಂದಿನಂತೆ ಬಾಡಿಗೆ. ಹೆಂಗಸರನ್ನು ಹತ್ತಿಸಿಕೊಂಡು ಸಾಹೇಬರು ತಿರುವಿನ ಬಳಿ ಬಂದಾಗ ಮರದ ಮರೆಯಿಂದ ಒಂದು ಸಣ್ಣ ಅಂಗೈ ಹೊರಬಂತು.

"ಗಾಡಿ ಸೈಡಿಗೆ ಹಾಕಿ! ಸೈಡಿಗೆ, ಸೈಡಿಗೆ!"

ಅವರು ಪಕ್ಕಕ್ಕೆ ನಿಲ್ಲಿಸಿದರು. ಪೊಲೀಸಮ್ಮ ಬಂದವಳೇ ಕಿಟಕಿಯೊಳಗೆ ತೂರಿ ಕೀಲಿಗೆ ಕೈ ಹಾಕಿದಳು. ಸಾಹೇಬರ ಮೊರದಗಲದ ಅಂಗೈ ತಾನಾಗಿಯೇ ಹೋಗಿ ಕೀಲಿಯನ್ನು ಮುಚ್ಚಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು.

"ಕೈ ತೆಗೀರಿ ತಾತ."

ಒಂದು ಕ್ಷಣ ಕಳೆದು ತಾವು ಯಾವ ಕಡೆ ಕುಳಿತಿದ್ದೇವೆಂಬುದು ಅವರಿಗೆ ಹೊಳೆಯಿತು. ಕೈ ತೆಗೆದರು. ಕೀಲಿ ಹೋಯಿತು. ಕೀಲಿಯಿಲ್ಲದ ವ್ಯಾನಿನಲ್ಲಿ ಕುಳಿತ ಚಾಲಕ ಎಷ್ಟು ಬರಿಗೈಯವನಾಗಿ ಕಾಣುತ್ತಾನೆಂಬುದನ್ನು ಅವರು ಆವರೆಗೆ ಬಲ್ಲವರಲ್ಲ. ಯಾರ ಕೀಲಿಯನ್ನೂ ಮುಟ್ಟದೆ ಬಂದುದಕ್ಕಾಗಿ ಒಳಗೇ ದೇವರಿಗೆ ಕೈಮುಗಿದರು.

ಪೊಲೀಸಮ್ಮ ಕಾಗದಗಳನ್ನು ನೋಡಿದಳು; ಎಲ್ಲ ಸರಿಯಾಗಿದ್ದವು. ಅದು ಆಕೆಗೆ ಇನ್ನಷ್ಟು ಅನುಮಾನ ತಂದಿರಬೇಕು. ಹಿಂದಕ್ಕೆ ಹೋಗಿ ನಿಂತು, "ಬ್ರೇಕ್ ಒತ್ತಿ," ಎಂದಳು.

ಒತ್ತಿದರು.

"ಒತ್ತಿದ್ರಾ?"

"ಒತ್ತಿದೀನಿ ತಾಯಿ."

"ಈ ಕಡೆ ಲೈಟೇ ಉರೀತಿಲ್ಲ. ಇಳೀರಿ ಕೆಳಗೆ."

ಸಾಹೇಬರು ಇಳಿದು ಹಿಂದಕ್ಕೆ ಹೋದರು. ಇದೇ ಮರದ ಕೆಳಗೆ, ಇದೇ ಮಾತನ್ನು ಎಷ್ಟೋ ಜನರಿಗೆ ಹೇಳಿದ ತಮ್ಮದೇ ವ್ಯಾನಿನ ಹಿಂದಿನ ದೀಪವೊಂದು ಕಣ್ಣು ಮುಚ್ಚಿಕೊಂಡು ಕುಳಿತಿತ್ತು. ಪ್ರತಿದಿನ ಬೆಳಗ್ಗೆ ವ್ಯಾನು ತೊಳೆಯುವಾಗ ಗಾಜನ್ನು ಹೊಳೆಯುವಂತೆ ಉಜ್ಜಿದ್ದರು. ಬ್ರೇಕು ಒತ್ತಿ ಹಿಂದೆ ಹೋಗಿ ನೋಡುವುದೆಂದರೆ ಒಬ್ಬ ಮನುಷ್ಯನಿಂದ ಆಗುವ ಕೆಲಸವೇ? ಜೀವಮಾನವೆಲ್ಲ ಅವರು ಹಿಂದೆ ನಿಂತವರು, ಒತ್ತುವವನು ಬೇರೊಬ್ಬ.

ಇಷ್ಟರಲ್ಲಿ ತಿರುವಿನಲ್ಲಿ ಗೊಂದಲವೆದ್ದಿತು. ಕಲ್ಲು ಹೊತ್ತ ಲಾರಿಯೊಂದು ಬಸ್ಸನ್ನು ಹಿಂದೆ ಹಾಕಲು ಹೋಗಿ, ಎದುರಿನಿಂದ ಬಂದ ಟ್ರ್ಯಾಕ್ಟರಿನ ಮೂತಿಗೆ ಮೂತಿ ಕೊಟ್ಟು ನಿಂತಿತು. ಹಿಂದಿನವರು ಸಂದುಗೊಂದುಗಳಲ್ಲೆಲ್ಲ ನುಗ್ಗಿದರು. ಗಳಿಗೆಯಲ್ಲಿ ರಸ್ತೆ ಸಿಕ್ಕುಬಿದ್ದ ನೂಲಿನ ಉಂಡೆಯಾಯಿತು. ಪೊಲೀಸಮ್ಮನ ಜೊತೆಯವರು ಚಹಾಕ್ಕೆ ಹೋಗಿದ್ದರು. ಆಕೆ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಲಾರಿಯವನೊಡನೆ ಜಗಳಕ್ಕೆ ನಿಂತಳು. ಅವನು, "ನಾನ್ಯಾಕೆ ಹಿಂದೆ ಹೋಗ್ಲಿ ಪಾಪು, ಅವ್ನು ಹೋಗ್ಲಿ," ಎಂದು ಹಲ್ಲು ಕಿರಿಯುತ್ತಿದ್ದ.

ಆಗ ಸಾಹೇಬರು ಮಾಡಿದ ತಪ್ಪನ್ನು ಅವರಂಥವರು ಮಾತ್ರ ಮಾಡಬಲ್ಲರು. ತಾವು ತಡೆಯಲ್ಪಟ್ಟ ಚಾಲಕರು, ತಮ್ಮ ಕೀಲಿ ಇನ್ನೊಬ್ಬರ ಮುಷ್ಟಿಯಲ್ಲಿದೆ, ಮೈಮೇಲಿರುವುದು ಅಳಿಯನ ಹಳೆಯ ಅಂಗಿ ಎಂಬುದೆಲ್ಲ ಅವರಿಗೆ ಮರೆತುಹೋಯಿತು. ಕಾಲುಗಳು ರಸ್ತೆಯ ನಡುವಿಗೆ ನಡೆದವು. ಎರಡು ಬೆರಳು ಬಾಯಿಗೆ ಹೋದವು. ಹೊರಟ ಸೀಟಿಗೆ ಮರದ ಹಕ್ಕಿಗಳೆಲ್ಲ ಹಾರಿದವು. ಅಂಗೈ ಮೇಲೆದ್ದಿತು.

ಲಾರಿಯವನು ಹಲ್ಲು ಮುಚ್ಚಿದ. ಟ್ರ್ಯಾಕ್ಟರು ನಾಲ್ಕು ಮಾರು ಹಿಂದಕ್ಕೆ ಸರಿಯಿತು, ಬಸ್ಸು ಪಕ್ಕಕ್ಕೆ ಬಂತು. ತಾಯಿ ಮಗಳ ಜಡೆಯ ಸಿಕ್ಕನ್ನು ತುದಿಯಿಂದ ಬಿಡಿಸುತ್ತ ಬರುವಂತೆ ಸಾಹೇಬರು ಆ ಸಂಚಾರವನ್ನು ಬಿಡಿಸಿದರು. ಅವರ ಮುಖದಲ್ಲಿ ಪೂಜೆಗೆ ಕುಳಿತವನ ಶಾಂತಿಯಿತ್ತು. ಒಂದು ಕಡೆ ಹರಿಯಲು ಬಿಟ್ಟು, ತಿರುಗಿ ಇನ್ನೊಂದು ಕಡೆಯ ಸಾಲಿಗೆ ಅಂಗೈಯನ್ನು ಹಿಡಿದರು. ಆ ಸಾಲಿನ ಮುಂದಿನ ವ್ಯಾನು ಕಿರ್ರೆಂದು ನಿಂತಿತು. ಗಾಜಿನ ಹಿಂದೆ ಒಂದು ಅಗಲವಾದ ಮೀಸೆ ಕಂಡಿತು. ಅದರ ಹಿಂದಿನ ವ್ಯಾನಿನಲ್ಲಿ ಹಾರ್ನ್ ದೊಡ್ಡಪ್ಪ.

ಸಾಹೇಬರ ಅಂಗೈ ಗಾಳಿಯಲ್ಲೇ ತಣ್ಣಗಾಯಿತು.

ಮೀಸೆ ಬಾಗಿಲು ದಡಾರನೆ ತೆರೆದು ಇಳಿದ. "ನೋಡಿದ್ಯಾ ದೊಡ್ಡಪ್ಪ? ನಾನು ಹೇಳಿದ್ದೇನು? ಪೊಲೀಸಮ್ಮನ ಪಕ್ಕದಲ್ಲೇ ನಿಂತು ನಮ್ಮ ಗಾಡಿಗಳನ್ನೇ ಹಿಡಿಸ್ತಿದಾರೆ! ಬೆಳಗ್ಗೆ ನಮ್ಮ ಸ್ಟ್ಯಾಂಡು, ಮಧ್ಯಾಹ್ನ ಇವ್ರ ಸ್ಟೇಷನ್ನು!"

"ಅಲ್ಲಪ್ಪ, ಇಲ್ಲಿ ಸ್ವಲ್ಪ ಗಾಡಿಗಳು ಸಿಕ್ಕಾಕ್ಕೊಂಡಿದ್ವು..."

"ಅಳಿಯನ ಅನ್ನಕ್ಕೇ ಕಲ್ಲು ಹಾಕಿದ್ರಲ್ಲ ಸಾಹೇಬ್ರೇ!" ಎಂದ ಹಾರ್ನ್ ದೊಡ್ಡಪ್ಪ. ಬೇಸರದಿಂದ ಹೇಳಿದ ಆ ಮಾತೂ ತಿರುವಿನುದ್ದಕ್ಕೂ ಕೇಳಿಸಿತು.

ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ ಅಳಿಯ ಸಾಹೇಬರ ಕಣ್ಣ ಮುಂದೆ ಬಂದ.

ಅಷ್ಟರಲ್ಲಿ ಪೊಲೀಸಮ್ಮ ಧಾವಿಸಿ ಬಂದಳು. ಮೀಸೆಯನ್ನು ಕಂಡು ಹುಬ್ಬೇರಿಸಿ, "ಈ ಮೀಸೆ ನಂಗೆ ಗುರ್ತಿದೆ, ನೀವು ಅಲ್ಲೇ ಇರಿ," ಎಂದು, ಸಾಹೇಬರ ಕಡೆಗೆ ತಿರುಗಿದಳು. "ತಾತ, ನಿಮ್ಮನ್ನ ಯಾರು ರೋಡಿಗೆ ಇಳೀರಿ ಅಂದಿದ್ದು? ಸೀಟಿ ಹೊಡೀತೀರಿ, ಕೈ ತೋರಿಸ್ತೀರಿ. ನೀವೇನು ಡಿಪಾರ್ಟ್‌ಮೆಂಟಾ?"

ಆ ಪ್ರಶ್ನೆಯ ಬೆಲೆ ಅಲ್ಲಿದ್ದ ಎಲ್ಲ ಚಾಲಕರಿಗೂ ಗೊತ್ತು. ಇಲಾಖೆಯವನೆಂದು ಒಂದು ಮಾತು ಹೇಳಿದರೆ ಸಾಕು, ಹಿಡಿದ ಕೀಲಿ ಕೈಗೆ ಬರುತ್ತದೆ, ಉರಿಯದ ದೀಪ ಉರಿದಂತೆಯೇ ಆಗುತ್ತದೆ. ತಮ್ಮ ಭಾವಮೈದುನನ ಷಡ್ಡಕ ಠಾಣೆಯಲ್ಲಿದ್ದಾನೆಂದು ಹೇಳಿಯೇ ಪಾರಾದವರು ಆ ಗುಂಪಿನಲ್ಲೂ ಇದ್ದರು. ವ್ಯಾನಿನ ಕಿಟಕಿಯಿಂದ ಕಾಜದಕ್ಕ ಅರ್ಧ ಮೈ ಹೊರಗೆ ಹಾಕಿ, "ಅಮ್ಮಾ ಪೊಲೀಸಮ್ಮ, ಅವ್ರು ಯಾರು ಅಂತ..." ಎಂದು ಆರಂಭಿಸಿದಳು. ಸಾಹೇಬರು ತಿರುಗಿ ನೋಡದೆಯೇ ಆಕೆಯ ಕಡೆಗೆ ಅಂಗೈ ಹಿಡಿದರು. ಕಾಜದಕ್ಕನ ಬಾಯಿಗೆ ತಟ್ಟನೆ ಬ್ರೇಕು ಬಿದ್ದಿತು.

"ಹಿಂದೆ ಏನಾಗಿದ್ದೆ ಅನ್ನೋದು ಬಿಡಿ ತಾಯಿ," ಎಂದರು ಸಾಹೇಬರು. "ಈಗ ನಾನು ಸ್ಟ್ಯಾಂಡಿನ ಡ್ರೈವರು. ಕೀ ನಿಮ್ಮ ಕೈಲಿದೆ, ನನ್ನ ಗಾಡಿ ಲೈಟು ಉರೀತಿಲ್ಲ. ರೋಡಿಗೆ ಇಳಿದಿದ್ದು ನನ್ನ ತಪ್ಪು."

"ಡ್ರೈವರಾದ್ರೆ ಡ್ರೈವರ್ ಥರ ಗಾಡಿ ಪಕ್ಕ ನಿಲ್ಲಿ. ಬಲ್ಬ್ ಹಾಕಿಸೋವರೆಗೂ ಈ ಗಾಡಿ ಕದಲೋ ಹಾಗಿಲ್ಲ."

"ಆಗಲಿ ತಾಯಿ."

ಅವರು ಹೋಗಿ ವ್ಯಾನಿನ ಪಕ್ಕದಲ್ಲಿ ಕೈಕಟ್ಟಿ ನಿಂತರು. ತಡವಾಗಿ ಬಂದವರಿಗೆ ಕಾರ್ಖಾನೆಯ ಬಾಗಿಲು ಮುಚ್ಚುವ ಹೊತ್ತು ಸಮೀಪಿಸುತ್ತಿತ್ತು. ಒಳಗೆ ಹೆಂಗಸರು ಪಿಸುಗುಟ್ಟುತ್ತಿದ್ದರು. ಹತ್ತಿರದಲ್ಲಿ ಬಲ್ಬು ಸಿಗುವ ಅಂಗಡಿಯೂ ಇರಲಿಲ್ಲ.

ಮೀಸೆ ಹಾರ್ನ್ ದೊಡ್ಡಪ್ಪನ ಮುಖ ನೋಡಿದ. ಹಾರ್ನ್ ದೊಡ್ಡಪ್ಪ ಮೀಸೆಯ ಮುಖ ನೋಡಿದ.

"ಒಂದು ಮಾತು ಹೇಳಿದ್ರೆ ಬಿಡ್ತಿದ್ಲಲ್ಲೋ," ಎಂದ ದೊಡ್ಡಪ್ಪ. ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಅವನು ಪಿಸುಮಾತಿನಲ್ಲಿ ಹೇಳಿದ್ದ.

ಮೀಸೆ ತನ್ನ ವ್ಯಾನಿನ ಸೀಟಿನಡಿಯಿಂದ ತಗಡಿನ ಡಬ್ಬಿಯೊಂದನ್ನು ಎಳೆದ. ತಿರುಪುಗಳು, ತಂತಿಯ ತುಂಡುಗಳು, ಹಳೆಯ ಬಟ್ಟೆಗಳ ನಡುವೆ ಕೈಯಾಡಿಸಿ ಕಾಗದದಲ್ಲಿ ಸುತ್ತಿದ ಬಲ್ಬನ್ನು ತೆಗೆದ. ಯಾರ ಮುಖವನ್ನೂ ನೋಡದೆ ಸಾಹೇಬರ ವ್ಯಾನಿನ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕುಳಿತ.

"ಗಾಜು ಚೆನ್ನಾಗೇ ಉಜ್ಜಿದೀರಿ," ಎಂದ ತಿರುಪು ಬಿಚ್ಚುತ್ತ. "ಒಳಗೆ ನೋಡೋರು ಯಾರು, ನಿಮ್ಮ ಮಾವನಾ?"

"ನನ್ನ ಮಾವ ಹೋಗಿ ಬಹಳ ಕಾಲ ಆಯ್ತಪ್ಪ."

"ಹಾಗಿದ್ರೆ ನಾಳೆಯಿಂದ ಬೆಳಗ್ಗೆ ನಂಗೆ ಹೇಳಿ. ನೀವು ಒತ್ತಿ, ನಾನು ಹಿಂದೆ ನಿಂತು ನೋಡ್ತೀನಿ."

ಪೊಲೀಸಮ್ಮ ಕೈಕಟ್ಟಿ ನೋಡುತ್ತಿದ್ದಳು. "ಓಡಿಹೋಗೋ ಗಾಡೀಲಿ ಸಾಮಾನೆಲ್ಲ ನೀಟಾಗಿ ಇಟ್ಕೊಂಡಿದೀರಿ," ಎಂದಳು.

ಮೀಸೆ ಎದ್ದು ಮಂಡಿಯ ಧೂಳು ಕೊಡವಿಕೊಂಡ. "ಅವತ್ತು ಬುದ್ಧಿ ಕೆಟ್ಟಿತ್ತು ಮೇಡಂ. ಕೀ ಬೇಕಾದ್ರೆ ತಗೊಳ್ಳಿ."

ಆಕೆ ಕೀಲಿಯನ್ನು ಕೇಳಲಿಲ್ಲ. ಸಾಹೇಬರು ಹತ್ತಿ ಕುಳಿತು ಬ್ರೇಕು ಒತ್ತಿದರು. "ಉರೀತು, ಉರೀತು!" ಎಂದು ಹಾರ್ನ್ ದೊಡ್ಡಪ್ಪ ತನ್ನ ನಿಜವಾದ ಕಂಠದಲ್ಲಿ ಕೂಗಿದಾಗ ವ್ಯಾನಿನ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಪೊಲೀಸಮ್ಮ ಕಿಟಕಿಯವರೆಗೆ ನಡೆದು ಬಂದು ಕೀಲಿಯನ್ನು ಸಾಹೇಬರ ಅಂಗೈಯಲ್ಲಿಟ್ಟಳು. ಅಷ್ಟಗಲದ ಅಂಗೈಯಲ್ಲಿ ಅದು ಬಹಳ ಚಿಕ್ಕದಾಗಿ ಕಂಡಿತು.

"ತಾತ, ಆ ಸೀಟಿ ಎಲ್ಲಿ ಕಲಿತ್ರಿ?"

"ಬಿಸಿಲಲ್ಲಿ ತಾಯಿ. ನಿಮಗೂ ಬರತ್ತೆ. ತಲೆಗೆ ಒದ್ದೆ ಬಟ್ಟೆ ಹಾಕ್ಕೊಳ್ಳಿ, ಟೋಪಿ ಒಳಗಿದ್ರೆ ಯಾರಿಗೂ ಕಾಣಲ್ಲ."

ಆಕೆ ಅವರನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದಳು. ಅನಂತರ ನೇರವಾಗಿ ನಿಂತು, "ಹೋಗಿ ಬನ್ನಿ," ಎಂದಳು.

ಆ ಸಂಜೆಯ ಸಭೆ ಚಹಾ ಆರುವಷ್ಟು ಹೊತ್ತೂ ನಡೆಯಲಿಲ್ಲ. ಹಾರ್ನ್ ದೊಡ್ಡಪ್ಪ ಸಾಲಿನ ಬಾಲದ ಕಡೆಗೆ ತಿರುಗಿ, "ಅಲ್ಲಿ ಒಬ್ರೇ ಏನು ಮಾಡ್ತಿದೀರಿ? ಬನ್ನಿ ಈಚೆಗೆ!" ಎಂದು ಕೂಗಿದ. ಸಾಹೇಬರು ಬಂದರು. ಯಾರೋ ಕೈಗೆ ಚಹಾ ಕೊಟ್ಟರು.

"ಒಂದೇ ಪ್ರಶ್ನೆ. ಈಗಲಾದ್ರೂ ಲೈಟು ಹೊಡೀತೀರಾ?"

ಸಾಹೇಬರು ಲೋಟವನ್ನು ನೋಡಿಕೊಂಡು, "ಇಲ್ಲ ದೊಡ್ಡಪ್ಪ," ಎಂದರು.

"ಥೂ, ಈ ಮನುಷ್ಯ ಜಗ್ಗೋದಿಲ್ಲವಲ್ಲ! ಹೋಗ್ಲಿ, ನಾವು ಹೊಡೆದ್ರೆ ನೋಡ್ತೀರಾ?"

"ಕಣ್ಣಿದ್ದ ಮೇಲೆ ನೋಡ್ದೆ ಇರೋಕಾಗತ್ತಾ?"

ಗುಂಪು ನಕ್ಕಿತು. ಮೀಸೆ ಎಲ್ಲರಿಗಿಂತ ಜೋರಾಗಿ ನಕ್ಕ. "ಮಾವನಿಗೆ ಇನ್ನೊಂದು ಚಹಾ ಕೊಡ್ರೋ," ಎಂದ. ಅಳಿಯನ ಮಾವ ಆ ಸಂಜೆಯಿಂದ ಸ್ಟ್ಯಾಂಡಿಗೆಲ್ಲ ಮಾವನಾದರು. ಜಾಗ ಎಲ್ಲಿತ್ತೋ ಅಲ್ಲಿಯೇ, ಸಾಲಿನ ನಡುವೆ, ಅಳಿಯನ ಹೆಸರಿನಲ್ಲಿಯೇ ಉಳಿಯಿತು.

ಮನೆಯಲ್ಲಿ ಅಳಿಯ, "ಏನಂದ್ರು ಮಾವ?" ಎಂದು ಕೇಳುವ ಮೊದಲೇ ಸಾಹೇಬರ ಮುಖ ಎಲ್ಲವನ್ನೂ ಹೇಳಿತ್ತು. ಅವನು ಪ್ಲಾಸ್ಟರಿನ ಕಾಲನ್ನು ಮರೆತು ಎದ್ದು ಕೂರಲು ಹೋಗಿ "ಅಯ್ಯಯ್ಯೋ" ಎಂದ, ಮಗಳು ಬಯ್ದಳು, ಮೂವರೂ ನಕ್ಕರು. ಸಂಗತಿಯನ್ನೆಲ್ಲ ಕೇಳಿದ ಮಡದಿಗೆ ಬೇರೆ ಯಾವುದೂ ಮುಖ್ಯವಾಗಿ ಕಾಣಲಿಲ್ಲ. "ಅವ್ರ ಮದುವೆ ದಿನ ಗಂಡನ್ನ ನಡೆಸಿದ್ರಾ ನೀವು? ಆ ಮೀಸೆಯವರನ್ನೂ ಹೆಂಡತೀನೂ ಒಂದು ದಿನ ಊಟಕ್ಕೆ ಕರೀರಿ. ಹೋಗಿ ಬರೋಕೆ ನಿಮ್ಮ ವ್ಯಾನೇ ಕಳಿಸಿ," ಎಂದರು.

ಮರುದಿನ ಬೆಳಗ್ಗೆ ಸ್ಟ್ಯಾಂಡಿನಲ್ಲಿ ಸಾಹೇಬರು ಬ್ರೇಕು ಒತ್ತಿದರು, ಮೀಸೆ ಹಿಂದೆ ನಿಂತು ನೋಡಿ ತಲೆಯಾಡಿಸಿದ. ಮೊದಲು ಅವನ ವ್ಯಾನು ಹೊರಟು ಹೋಯಿತು. ಸಾಹೇಬರು ಹೆಂಗಸರನ್ನು ಹತ್ತಿಸಿಕೊಂಡು ಊರು ದಾಟಿ ತಿರುವಿನ ಕಡೆಗೆ ಏರುವಾಗ, ಕಾರ್ಖಾನೆಯಿಂದ ಮರಳುತ್ತಿದ್ದ ಅದೇ ವ್ಯಾನು ಎದುರಾಯಿತು. ದೂರದಿಂದಲೇ ಅದರ ದೀಪಗಳು ಎರಡು ಬಾರಿ ಮಿಣುಕಿದವು.

ಜೀವಮಾನವೆಲ್ಲ ಮರದ ಮರೆಯಿಂದ ಕಂಡು ಮೈ ಉರಿಸಿಕೊಂಡ ಬೆಳಕು ಅದು. ಇಂದು ಅದು ಅವರ ಮುಖಕ್ಕೇ ಬಿದ್ದಿತು. ಎದುರು ಮನೆಯ ಜಗಲಿಯಿಂದ ಯಾರೋ "ಮಾವ, ಹುಷಾರು" ಎಂದು ಕೂಗಿದಂತಿತ್ತು ಆ ಮಿಣುಕು. ಬೆಲ್ಟು ಬಿಗಿದಿತ್ತು, ಕಾಗದಗಳಿದ್ದವು, ವೇಗವೂ ಮಿತದಲ್ಲಿತ್ತು. ಆದರೂ ಅವರ ಕಾಲು ತಾನಾಗಿಯೇ ಇನ್ನಷ್ಟು ಹಗುರವಾಗಿ, ವ್ಯಾನು ಮದುವಣಗಿತ್ತಿಯ ನಡಿಗೆಗೆ ಇಳಿಯಿತು. ಬಟ್ಟೆ ಮಡಚುತ್ತ ಮಡದಿ ಆಡಿದ ಮಾತು ನೆನಪಾಗಿ, ಅವರು ಒಬ್ಬರೇ ನಗಲಾರಂಭಿಸಿದರು.

"ಏನಣ್ಣ, ಒಬ್ರೇ ನಗ್ತಿದೀರಿ?" ಎಂದಳು ಕಾಜದಕ್ಕ.

"ನಮ್ಮ ಮನೆಯವಳಿಗೆ ಇಲಾಖೆ ವಿಷಯ ಚೆನ್ನಾಗಿ ಗೊತ್ತಾಗತ್ತೆ ತಾಯಿ."

ತಿರುವಿನಲ್ಲಿ ಪೊಲೀಸಮ್ಮ ನಿಂತಿದ್ದಳು. ಟೋಪಿಯ ಅಂಚಿನಿಂದ ಒದ್ದೆ ಬಟ್ಟೆಯ ತುದಿಯೊಂದು ಇಣುಕುತ್ತಿತ್ತು. ಆಕೆ ಅವರನ್ನು ತಡೆಯಲಿಲ್ಲ. ಆದರೂ ಆಕೆಯನ್ನು ದಾಟಿದೊಡನೆ ಸಾಹೇಬರು ಒಮ್ಮೆ ಹಗುರವಾಗಿ ಬ್ರೇಕು ಒತ್ತಿದರು. ಹೆಂಗಸರೆಲ್ಲ ಮುಂದಕ್ಕೆ ತೂಗಿದರು.

"ಅಯ್ಯೋ, ಖಾಲಿ ರೋಡಲ್ಲಿ ಬ್ರೇಕ್ ಯಾಕಣ್ಣ?"

"ಎರಡೂ ಲೈಟು ಉರೀತಿದೆ ಅಂತ ಅವ್ರಿಗ್ ತೋರಿಸ್ದೆ," ಎಂದರು ಸಾಹೇಬರು, ಮತ್ತು ಗೇರು ಬದಲಾಯಿಸಿದರು.